ಎಂಟು ಹಲ್ಲು ಹೆಚ್ಚಿದ ಗಾಡಿ

ಶ್ರವಣಯಂತ್ರ ರಿಪೇರಿ ಮಾಡುವ ಅವನಿಗೆ ಗಿರಾಕಿಗಳು ಇಟ್ಟ ಹೆಸರು ಕಿವಿಯಪ್ಪ. ಅವನಿಗೆ ತನ್ನ ಕಿವಿಗಳ ಮೇಲಿದ್ದ ಅಭಿಮಾನ ರಾಜರಿಗೆ ತಮ್ಮ ಕೋಟೆಗಳ ಮೇಲೂ ಇರಲಿಕ್ಕಿಲ್ಲ. ಹಾಗಾಗಿ ಮನೆಯ ಬೈಕಿನ ಸ್ಟಾರ್ಟರ್ ಗುಂಡಿ ಒತ್ತಿದೊಡನೆ ತಗಡಿನ ಡಬ್ಬದಲ್ಲಿ ಗೋಲಿ ಕುಲುಕಿದಂಥ ಕರಕರ ಶುರುವಾದಾಗ, ಅದನ್ನು ತಾನಲ್ಲದೆ ಬೇರೆ ನರಪಿಳ್ಳೆಯೂ ಮುಟ್ಟಕೂಡದೆಂದು ಘೋಷಿಸಿಬಿಟ್ಟ.

ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಮರುದಿನವೇ ಅದೇ ಗಾಡಿಯಲ್ಲಿ ಅವಳ ಲೈಸೆನ್ಸ್ ಪರೀಕ್ಷೆ. ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಒಮ್ಮೆ ಕಾಲೂರಿ, ಇನ್ನೊಮ್ಮೆ ಏರಿನ ನಡುವೆ ಗಾಡಿ ನಿಂತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ಸಿಕ್ಕಿತ್ತು. ಲೈಸೆನ್ಸ್ ಇಲ್ಲದಿದ್ದರೆ ಅದೂ ಕೈತಪ್ಪುತ್ತಿತ್ತು.

"ರೀ, ಟೆಸ್ಟ್ ಮುಗಿಯೋವರೆಗೂ ಅದನ್ನ ಮುಟ್ಟಬೇಡಿ" ಎಂದಳು.

ಅಷ್ಟರಲ್ಲಿ ಅವಳು ಅಕ್ಕಿ ತೊಳೆಯುವ ಪಾತ್ರೆಗೆ ಇಂಜಿನ್ ಆಯಿಲ್ ಇಳಿಯುತ್ತಿತ್ತು.

ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು, ಅವನ ಕಿವಿ ಸುಳ್ಳಾಡಲಿಲ್ಲ. ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಸಡಿಲವಾಗಿದ್ದ ಮೂರು ಬೋಲ್ಟುಗಳನ್ನು ಹಿಡಿದು ಬಿಗಿದ. ಮುಚ್ಚಳ ಹಾಕಿ, ಹೊಸ ಆಯಿಲ್ ತುಂಬಿ ಗುಂಡಿ ಒತ್ತಿದರೆ ಸದ್ದೇ ಮಾಯ! ಹೆಂಡತಿ ಕೂಡ ಭೇಷ್ ಎಂದುಬಿಟ್ಟಳು. ಎಡವಟ್ಟಾದದ್ದೇ ಅಲ್ಲಿ. ಹೊಗಳಿಕೆ ಕಿವಿಯಪ್ಪನ ನೆತ್ತಿಗೇರಿತು. ಏರಿನಲ್ಲಿ ಗಾಡಿ ಇನ್ನು ಹೇಗೆ ನಿಲ್ಲುತ್ತದೋ ನೋಡೇಬಿಡುತ್ತೇನೆಂದು ಬಿಡಿಭಾಗದ ಅಂಗಡಿಗೆ ಓಡಿ, ಎಂಟು ಹಲ್ಲು ಹೆಚ್ಚಿರುವ, ಹಿಂದಿನ ಗಾಲಿಯ ಸ್ಪ್ರಾಕೆಟ್ ಎಂಬ ಹಲ್ಲುಚಕ್ರವನ್ನೂ ಅದಕ್ಕೊಪ್ಪುವ ಉದ್ದದ ಚೈನನ್ನೂ ತಂದು ಸಂಜೆಯೊಳಗೆ ಕೂರಿಸಿದ. ಇದನ್ನು ಹಾಕಿದರೆ ಗಾಡಿ ಭಯಂಕರವಾಗಿ ಎಳೆಯುತ್ತದೆ, ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ್ದ. ಆ ಸುಪ್ರಸಿದ್ಧ ಕಿವಿಗಳಿಗೆ ಕೇಳಿಸದೆ ಹೋದದ್ದು ಅದೊಂದೇ ಮಾತು.

"ಟೆಸ್ಟ್ ನನಗಾ, ಗಾಡಿಗಾ?" ಎಂದು ಹೆಂಡತಿ ಕೇಳಿದ್ದಕ್ಕೆ ಅವನು ನಿಗೂಢವಾಗಿ ನಕ್ಕ.

ಬೆಳಗ್ಗೆ ಮೈದಾನದಲ್ಲಿ ಅವಳು ಗುಂಡಿ ಒತ್ತಿದಳು. ಗಾಡಿ ಹಾಲು ಕುಡಿದ ಮಗುವಿನಂತೆ ಗುನುಗಿತು. ಎಂದಿನಂತೆ ಕ್ಲಚ್ ಬಿಟ್ಟಳು ನೋಡಿ, ಮುಂದಿನ ಚಕ್ರ ಆಕಾಶ ನೋಡಿತು! ಗಾಡಿ ಒಂಟಿ ಚಕ್ರದಲ್ಲಿ ತನ್ನತ್ತಲೇ ನುಗ್ಗಿದ್ದನ್ನು ಕಂಡ ಪರೀಕ್ಷೆಯ ಅಧಿಕಾರಿ ಕಾಗದಗಳನ್ನೆಲ್ಲ ಎಸೆದು ಮೇಜಿನ ಮೇಲೆ ಹತ್ತಿ ನಿಂತರು. ಹೆಂಡತಿ ಹಲ್ಲು ಕಚ್ಚಿ ಚಕ್ರವನ್ನು ನೆಲಕ್ಕಿಳಿಸಿದಳು, ಎಂಟರಾಕಾರ ಸುತ್ತಿದಳು, ಏರು ಹತ್ತಿದಳು, ಬಿಳಿ ಗೆರೆಯ ಮೇಲೆ ಕರಾರುವಾಕ್ಕಾಗಿ ನಿಲ್ಲಿಸಿದಳು. ಕಾಲು ಮಾತ್ರ ಎಲ್ಲೂ ಊರಲಿಲ್ಲ.

ಅಧಿಕಾರಿ ಮೇಜಿನಿಂದ ಇಳಿದು ಬೆವರು ಒರೆಸಿಕೊಂಡರು. ಇಂಥದ್ದನ್ನು ಓಡಿಸಬಲ್ಲವರು ಏನನ್ನಾದರೂ ಓಡಿಸಬಲ್ಲರು ಎನ್ನುತ್ತ ಪಾಸೆಂದು ಬರೆದು ಸಹಿ ಹಾಕಿದರು. ಆಮೇಲೆ ಸುತ್ತ ನೋಡಿ, ಗಾಡಿಗೆ ಈ ಗತಿ ಮಾಡಿದವರು ಯಾರೆಂದು ವಿಚಾರಿಸಿದರು.

ಪ್ರಶ್ನೆ ಮುಗಿಯುವ ಮೊದಲೇ ಮೈದಾನದಂಚಿನಲ್ಲಿ ನಿಂತಿದ್ದ ಕಿವಿಯಪ್ಪ ಎದೆಯುಬ್ಬಿಸಿ ಮುಂದೆ ಬಂದ. "ನಾನೇ ಸಾರ್. ಸ್ಟಾರ್ಟರ್ ಸರಿಮಾಡಿದ್ದೂ ನಾನೇ."

ಅಧಿಕಾರಿ ಕೈ ಚಾಚಿದರು. ಕಿವಿಯಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ವಿನಯದಿಂದ ತಲೆಬಾಗಿ, ಕೈಕುಲುಕಲು ತಾನೂ ಚಾಚಿದ.

"ಕೈ ಬೇಡ ಸ್ವಾಮಿ, ನಿಮ್ಮ ಲೈಸೆನ್ಸ್ ಕೊಡಿ" ಎಂದರು ಅಧಿಕಾರಿ.