ಯಾವ ಜನ ನೀವು?

ಬಿಡದಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ಇಷ್ಟು ವರ್ಷ ಕಳೆದಿದ್ದೇನೆ, ಬೇಜಾರು ಅನ್ನೋದು ಒಂದು ದಿನವೂ ಹತ್ತಿರ ಸುಳಿದಿಲ್ಲ. ಒಂದೇ ಲೈನಿನಲ್ಲಿ ಒರಿಸ್ಸಾ, ಪಕ್ಕದಲ್ಲಿ ಮಣಿಪುರ, ಎದುರಿಗೆ ಚನ್ನಪಟ್ಟಣ, ಹಿಂದೆ ಬಿಹಾರ. ಟೀಗೆ ಬಿಟ್ಟರೆ ಎಲ್ಲರೂ ಒಂದೇ ನಲ್ಲಿಯ ಮುಂದೆ. ಇಂಥ ಕಡೆ ದಿನಕ್ಕೊಂದು ಏನಾದರೂ ನಡೆಯದೆ ಇರುತ್ತದೆಯೇ? ನಡೆದದ್ದನ್ನೆಲ್ಲ ಒಳಗೇ ಇಟ್ಟುಕೊಂಡರೆ ನನ್ನ ಹೊಟ್ಟೆ ಬಿರಿಯುತ್ತದೆ, ಕೇಳಿ.

ಹಾರ ಯಾರಿಗೆ?

ಜಪಾನಿನಿಂದ ಒಬ್ಬರು ಇಂಜಿನಿಯರ್ ಮೇಡಂ ಬರುವವರಿದ್ದರು. ಗೇಟಿಗೆ ಮಾವಿನ ತೋರಣ, ನೆಲಕ್ಕೆ ರಂಗೋಲಿ, ಮ್ಯಾನೇಜರ್ ಕೈಯಲ್ಲಿ ತೊಡೆಗಾತ್ರದ ಸೇವಂತಿಗೆ ಹಾರ. ನಾವೆಲ್ಲ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಸಾಲಾಗಿ ನಿಂತಿದ್ದೆವು.

ಬಿಳಿ ಕಾರೊಂದು ಬಂದು ನಿಂತಿತು. ಹಿಂದಿನ ಬಾಗಿಲು ತೆಗೆದು ಒಬ್ಬ ಹುಡುಗಿ ಇಳಿದಳು. ಬ್ಯಾಂಡಿನವರು ಶುರುಹಚ್ಚಿಕೊಂಡೇಬಿಟ್ಟರು. ಮ್ಯಾನೇಜರ್ ಓಡಿಹೋಗಿ ಹಾರ ಹಾಕಿ, ನಡು ಬಗ್ಗಿಸಿ, ಒಂದೊಂದೇ ಮಾತು ಬಿಡಿಸಿ, "ವೆಲ್‌ಕಮ್... ಟು... ಇಂಡಿಯಾ" ಅಂದರು.

ಹುಡುಗಿ ಹಾರದೊಳಗಿನಿಂದ ಮುಖ ಹೊರಗೆ ಹಾಕಿ, "ಸಾರ್, ನಾನು ಸೆಕೆಂಡ್ ಲೈನು, ವೈರ್ ಜೋಡ್ಸೋಳು. ಶಿಫ್ಟ್ ಬಸ್ ಮಿಸ್ ಆಯ್ತು, ಕ್ವಾಲಿಟಿ ಸಾರ್ ಲಿಫ್ಟ್ ಕೊಟ್ರು" ಅಂದಳು. ಮಣಿಪುರದವಳು! ನಮ್ಮ ಲೈನಿನವಳೇ!

ಹಾಗಾದರೆ ಜಪಾನಿನ ಮೇಡಂ ಎಲ್ಲಿ? ಹುಡುಕಿದರೆ, ಅವರು ಬೇಗನೇ ಬಂದು, ನಡೆದುಕೊಂಡು ಹಿಂದಿನ ಗೇಟಿಗೆ ಹೋಗಿದ್ದರು. ಅಲ್ಲಿನ ಗಾರ್ಡು "ಕಾಂಟ್ರಾಕ್ಟ್ ಹುಡ್ಗೀರು ಆ ಕಡೆ" ಅಂತ ಕೈ ತೋರಿಸಿ ಅವರನ್ನು ಕ್ಯಾಂಟೀನ್ ಸಾಲಿನಲ್ಲಿ ನಿಲ್ಲಿಸಿದ್ದ. ಅವರು ತಟ್ಟೆ ಹಿಡಿದು ಬಹಳ ಭಕ್ತಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು.

ಮ್ಯಾನೇಜರ್ ಕೆಂಪಗಾಗಿ ಮಣಿಪುರದ ಹುಡುಗಿಯ ಕೊರಳಿಂದ ಹಾರ ತೆಗೆಯಲು ಕೈಹಾಕಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದು, "ಹಾರ ಬೇಕಾದ್ರೆ ತಗೊಳ್ಳಿ ಸಾರ್. ಆದ್ರೆ ಲೇಟಾಗಿದ್ದು ನಿಮ್ಮ ಸನ್ಮಾನದಿಂದ. ಅರ್ಧ ದಿನ ಕಟ್ ಮಾಡಂಗಿಲ್ಲ!"

ನಾಲ್ಕು ಜನ

ಒರಿಸ್ಸಾದ ಹುಡುಗನೊಬ್ಬ ಹೊಸದಾಗಿ ಕೆಲಸಕ್ಕೆ ಸೇರಿದ. ಅವನಿಗೂ ಅವನ ಜೊತೆಯವರಿಗೂ ರೂಮು ಬೇಕಿತ್ತು. ಕಾರ್ಖಾನೆ ಪಕ್ಕದ ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಮನೆ ಖಾಲಿಯಿದೆ ಅಂತ ನಾನೇ ಕರೆದುಕೊಂಡು ಹೋದೆ. ಹುಡುಗನಿಗೆ ಕನ್ನಡ ಬರುತ್ತಿದ್ದುದು ಹೋಟೆಲಿನಲ್ಲಿ ಕಲಿತಷ್ಟು. ಅಲ್ಲಿ ಒಳಗೆ ಕಾಲಿಟ್ಟ ಕೂಡಲೇ ಕೇಳುವುದು "ಎಷ್ಟು ಜನ?" ಅಂತ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಜನ ಮಗ ನೀವು?" ಅಂದಳು.

ಹುಡುಗ ಉತ್ಸಾಹದಿಂದ, "ನಾಲ್ಕು ಜನ ಅಜ್ಜಿ!"

ಅಜ್ಜಿ ನನ್ನ ಕಡೆ ತಿರುಗಿದಳು. "ನಾಕು ಜನವಾ? ಅಂಗೂ ಒಂದೈತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗನೇ ವಿವರಿಸಿದ: "ಮೊದಲು ಆರು ಜನ ಅಜ್ಜಿ. ಈಗ ನಾಲ್ಕು ಜನ. ದೀಪಾವಳಿ ಆದಮೇಲೆ ಮತ್ತೆ ಆರು ಜನ."

ಅಜ್ಜಿಗೆ ಏನನ್ನಿಸಿತೋ, ಬೀಗದಕೈ ತಂದು ಅವನ ಅಂಗೈಗೆ ಹಾಕಿದಳು. ನಾವು ಸಾಮಾನು ಇಳಿಸುತ್ತಿರುವಾಗ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು:

"ಅವರ ಸೀಮೇಲಿ ಬೇಕಾದಾಗ ಜನ ಬದಲಾಯಿಸ್ಕಬೋದಂತೆ ಕಣವ್ವ. ನಾವೇ ಇಲ್ಲಿ ಒಂದನ್ನೇ ಕಟ್ಕಂಡು ಒದ್ದಾಡ್ತಿರಾದು!"

ಅವ್ವನ ಹಿಂದಿ

ನಮ್ಮವ್ವ ಸಾತನೂರು ಕಡೆಯವಳು. ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಒಂದಷ್ಟು ದಿನ ನಮ್ಮ ಮನೆಯಲ್ಲಿರಲು ಬಂದಳು. ಪಕ್ಕದ ಮನೆಯಲ್ಲಿದ್ದುದು ಬಿಹಾರದ ಸಂಸಾರ. ಅವ್ವನಿಗೆ ಮಾತಿಗೆ ಜನ ಸಿಗುವುದಿಲ್ಲವಲ್ಲ ಅಂತ ನನಗೆ ಕೊರಗು.

ಮೊದಲ ದಿನ ಸಂಜೆ ಬಂದು ನೋಡಿದರೆ ಅವ್ವ, ಆ ಮನೆಯ ಹೆಂಗಸು ಇಬ್ಬರೂ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು ನಗುತ್ತಿದ್ದಾರೆ! ಇವಳದು ಅಪ್ಪಟ ಸಾತನೂರು ಕನ್ನಡ, ಅವಳದು ಅಪ್ಪಟ ಅವಳೂರ ಮಾತು.

"ಏನವ್ವ ಮಾತಾಡಿದ್ರಿ?" ಅಂದೆ.

"ಪಾಪ, ಅವಳತ್ತೆ ಸರಿ ಇಲ್ಲ ಕಣ್ಲಾ."

"ನಿಂಗೆ ಹಿಂದಿ ಬರಲ್ವಲ್ಲ, ಹೆಂಗೆ ಗೊತ್ತಾಯ್ತು?"

"ಸೊಂಟದ ಮ್ಯಾಲೆ ಕೈ ಇಟ್ಲು, ಮೂತಿ ಹಿಂಗ್ ತಿರುವಿದ್ಲು. ಅತ್ತೆ ಅಲ್ದೆ ಇನ್ಯಾರ್ಲಾ ಅದು?"

ರಾತ್ರಿ ಊಟದ ಹೊತ್ತಿಗೆ ಆ ಮನೆಯ ಗಂಡನೇ ಬಂದ. "ಸಾರ್, ನನ್ನ ಹೆಂಡತಿ ನಮ್ಮಮ್ಮನ ವಿಷಯ ಒಂದೂ ಬಿಡದೆ ನಿಮ್ಮಮ್ಮನಿಗೆ ಹೇಳಿದಾಳಂತೆ. ಮುಂದಿನ ವಾರ ನಮ್ಮಮ್ಮನೇ ಇಲ್ಲಿಗೆ ಬರ್ತಾ ಇದಾರೆ. ದಯವಿಟ್ಟು ಅವರ ಮುಂದೆ..." ಅಂತ ಕೈ ಮುಗಿದ.

ನಾನು ವಿಷಯ ತಿಳಿಸಿದೆ. ಅವ್ವ ನನ್ನ ಹೆಂಡತಿಯನ್ನು ಓರೆಗಣ್ಣಲ್ಲಿ ನೋಡಿ, "ಬರ್ಲಿ ಬುಡು. ಅವಳತ್ರ ಸೊಸೇರ ವಿಚಾರ ಮಾತಾಡಾನ" ಅಂದಳು.

ಯಾವ ಏರಿಯಾ?

ಟ್ರೈನಿಂಗಿಗೆ ಅಂತ ನನ್ನನ್ನು ಡೆಲ್ಲಿ ಕಡೆಗೆ ಕಳಿಸಿದ್ದರು. ಪಕ್ಕದ ಕುರ್ಚಿಯವನು, "ನೀವು ಮದ್ರಾಸಿನವರಾ?" ಅಂದ. ನನಗೆ ಎಲ್ಲಿತ್ತೋ ರೋಷ! ಹಾಳೆ ಎಳೆದುಕೊಂಡು ನಕ್ಷೆಯನ್ನೇ ಬರೆದೆ. ಇದು ಕರ್ನಾಟಕ, ಇದು ಬೆಂಗಳೂರು, ಇದು ರಾಮನಗರ, ಇಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟು, ಇಲ್ಲಿ ಬೊಂಬೆ ಮಾಡ್ತಾರೆ, ಇದು ಕನಕಪುರ, ನಮ್ಮ ಭಾಷೆ ಕನ್ನಡ ಅಂತ ಬೆವರು ಸುರಿಸಿ ಹೇಳಿದೆ.

ಆತ ಬಹಳ ಗೌರವದಿಂದ ಕೇಳಿಸಿಕೊಂಡ. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, "ಅಚ್ಛಾ! ಇದೆಲ್ಲ ಮದ್ರಾಸಿನ ಯಾವ ಏರಿಯಾದಲ್ಲಿ ಬರುತ್ತೆ?" ಅಂದ.

ಬಿದಿರಿನ ಕೊಳವೆ

ನಮ್ಮ ವೆಲ್ಡಿಂಗ್ ವಿಭಾಗದ ಹುಡುಗ ಕಬ್ಬಾಳು ಕಡೆಯವನು. ಅವನಿಗೂ ಇನ್‌ಸ್ಪೆಕ್ಷನ್ನಿನಲ್ಲಿದ್ದ ಅಸ್ಸಾಮಿನ ಹುಡುಗಿಗೂ ಪ್ರೀತಿ. ಹುಡುಗನ ಅಪ್ಪ ಅಮ್ಮ ಅರೆಮನಸ್ಸಿನಿಂದ ಹೂಂ ಅಂದಿದ್ದರು. ಆದರೆ ಆ ಮನೆಯಲ್ಲಿ ಹೂಂ ಅನ್ನಬೇಕಾದವಳು ಅಜ್ಜಿ. "ಬ್ಯಾರೆ ಜನ, ಬ್ಯಾರೆ ನೀರು. ನಮಗಾಗಕಿಲ್ಲ" ಅಂತ ಕೂತುಬಿಟ್ಟಿದ್ದಳು. ಹುಡುಗ ಊಟ ಬಿಟ್ಟು ಸೊರಗಿದ್ದ. ಹುಡುಗಿ ರಾಜೀನಾಮೆ ಕೊಟ್ಟು ಊರಿಗೆ ಹೋಗುತ್ತೇನೆ ಅಂತ ನನ್ನ ಮುಂದೆ ಅತ್ತಿದ್ದಳು.

ಕೊನೆಗೆ ಹುಡುಗಿಯ ಅಪ್ಪ ಅಮ್ಮ ರೈಲು ಹತ್ತಿ ಬಂದೇಬಿಟ್ಟರು. ಒಂದು ಭಾನುವಾರ ಎಲ್ಲರೂ ಹುಡುಗನ ಮನೆಯ ಚಾಪೆಯ ಮೇಲೆ ಎದುರುಬದುರು ಕೂತೆವು. ನನ್ನ ಕ್ಯಾಂಟೀನ್ ಹಿಂದಿಯೇ ಸೇತುವೆ.

"ಹೊಲ ಎಷ್ಟೈತೆ ಕೇಳು" ಅಂದಳು ಅಜ್ಜಿ.

ಹುಡುಗಿಯ ಅಪ್ಪ, "ಪ್ರವಾಹದಲ್ಲಿ ಹೊಳೆ ನುಂಗದೆ ಬಿಟ್ಟಷ್ಟು" ಅಂದರು.

ಅಜ್ಜಿಯ ಮುಖ ಇನ್ನಷ್ಟು ಬಿಗಿಯಿತು. ಊಟಕ್ಕೆ ಮುದ್ದೆ, ಕೋಳಿಸಾರು. ಆ ಅಪ್ಪ ಮುದ್ದೆಯನ್ನು ಕಚ್ಚಿ ಅಗಿಯತೊಡಗಿದರು. ಅಗಿದರು, ಅಗಿದರು, ದವಡೆಯೇ ಅಂಟಿಕೊಂಡಿತು. ಹುಡುಗಿ ಓಡಿಬಂದು ಕಿವಿಯಲ್ಲಿ ಏನೋ ಹೇಳಿದಳು. ಅವರು ಕಣ್ಣು ಮುಚ್ಚಿ ಗುಳುಂ ಅನ್ನಿಸಿದರು. ಕಣ್ಣಲ್ಲಿ ನೀರು, ಮುಖದಲ್ಲಿ ನಗು! ಮತ್ತೆ ತಟ್ಟೆ ಮುಂದಕ್ಕೆ ಚಾಚಿದರು. ಅಜ್ಜಿ ಒಸಿ ಮೆತ್ತಗಾದಂತೆ ಕಂಡಳು.

ಅಷ್ಟರಲ್ಲಿ ಹುಡುಗಿಯ ಅಮ್ಮ ಚೀಲದಿಂದ ಒಂದು ಬಿದಿರಿನ ಕೊಳವೆ ತೆಗೆದು ಮುಚ್ಚಳ ಬಿಚ್ಚಿದರು. ಅಯ್ಯಯ್ಯೋ, ಆ ವಾಸನೆ! ಹುಡುಗನ ಅಮ್ಮ ಸೆರಗು ಮೂಗಿಗಿಟ್ಟರು. ಬೀದಿಯ ಬೆಕ್ಕುಗಳೆಲ್ಲ ಬಾಗಿಲಿಗೆ ಬಂದವು. ಹುಡುಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಮದುವೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಜ್ಜಿ ಧಡಕ್ಕನೆ ಎದ್ದಳು. ಕೊಳವೆ ಕಿತ್ತುಕೊಂಡಳು. ಮೂಗಿಗೆ ಹಿಡಿದಳು.

"ಲೇ! ಒಣಮೀನು ಕಣ್ರಲಾ ಇದು!"

ಜಜ್ಜಿ ತುಂಬಿದ್ದ ಒಣಮೀನನ್ನು ಚಿಟಿಕೆ ತೆಗೆದು ಮುದ್ದೆಗೆ ಒತ್ತಿ ನುಂಗಿದಳು. ಇನ್ನೊಂದು ನುಂಗಿದಳು. ಸೊಸೆಯ ಕಡೆ ತಿರುಗಿ, "ಈ ಮನೇಗೆ ಬಂದಾಗಿಂದ ಒಂದಿನಾನಾದ್ರೂ ಹಿಂಗ್ ಮಾಡಿದ್ದೀಯಾ?" ಅಂತ ಗದರಿ, ಹುಡುಗಿಯ ಅಮ್ಮನ ಕೆನ್ನೆ ಸವರಿ ನೆಟಿಕೆ ಮುರಿದಳು. "ಇವರು ಬ್ಯಾರೆ ಜನ ಅಂದೋರ್ಯಾರ್ಲಾ? ನಮ್ಮೋರೇ ಕಣ್ಲಾ! ಲಗ್ನ ಗೊತ್ತು ಮಾಡ್ರಲಾ!"

ಮನೆಯೆಲ್ಲ ಹೋ ಅಂದಿತು. ಹುಡುಗಿ ಅತ್ತಳು, ಹುಡುಗ ನಕ್ಕ, ಇಬ್ಬರು ಅಪ್ಪಂದಿರೂ ಭಾಷೆಯಿಲ್ಲದೆ ತಬ್ಬಿಕೊಂಡರು. ಆ ಸಡಗರ ನೋಡಿ ಹುಡುಗನ ತಮ್ಮನಿಗೂ ಧೈರ್ಯ ಬಂತು. ಅಜ್ಜಿಯ ಪಕ್ಕ ಕೂತು, "ಅಜ್ಜಿ, ಹಂಗಾದ್ರೆ ನಂದೂ ಒಂದೈತೆ. ಹುಡುಗಿ ಇಲ್ಲೇ ಪಕ್ಕದ ಮಾಗಡಿಯೋಳು" ಅಂದ.

ಅಜ್ಜಿಯ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು.

"ಮಾಗಡೀನಾ? ಅಷ್ಟು ದೂರವಾ? ಬ್ಯಾಡ ಕಣ್ಲಾ ಮಗ. ಅವರ ಸಾರೇ ಬ್ಯಾರೆ, ಮಾತೇ ಬ್ಯಾರೆ. ಬ್ಯಾರೆ ಜನ ನಮಗೆ ಒಗ್ಗಕಿಲ್ಲ!"