ಸಿಲಾಸ ಕಾಕಾನ ಬಿನ್ನಹ ಯಂತ್ರ

"ಇನ್ ಮ್ಯಾಲೆ ನಮ್ಮನ್ಯಾಗ ಯಾರ ಹೆಸರೂ ತಪ್ಪೂದಿಲ್ಲ!" ಎಂದು ಸಿಲಾಸ ಕಾಕಾ ಮೇಜಿನ ಮೇಲಿನ ಟವೆಲನ್ನು ಸರಕ್ಕನೆ ಎಳೆದ.

ಕೆಳಗಿದ್ದದ್ದು ಬಸ್ ಕಂಡಕ್ಟರರ ಹಳೆಯ ಟಿಕೆಟ್ ಮಷೀನು, ಗಾಜು ಒಡೆದ ಮೊಬೈಲು, ರೇಡಿಯೋದ ಸ್ಪೀಕರು. ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಗೆ ಬೆಸೆದಿದ್ದ.

"ಅದು ನನ್ನ ಹಿಟ್ಟಿನ ಡಬ್ಬಿ ಅಲ್ಲೇನ್ರಿ?" ಎಂದಳು ಅವನ ಹೆಂಡತಿ ಸುಕುಮಾರಿ ಕಾಕಿ.

"ಆಗಿತ್ತು. ಈಗ ಇದು ಬಿನ್ನಹ ಯಂತ್ರ!"

ಬೆಟಗೇರಿಯ ನಮ್ಮ ಮನೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿಯುವ ತನಕ ಯಾರೂ ನಾಷ್ಟಾ ಮುಟ್ಟುವಂತಿಲ್ಲ. ಪ್ರಾರ್ಥನೆ ಮಾಡುವವಳು ಅಜ್ಜಿ. ಕಷ್ಟದಲ್ಲಿರುವ ಒಬ್ಬೊಬ್ಬರ ಹೆಸರನ್ನೂ ದೇವರಿಗೆ ಹೇಳುತ್ತಾಳೆ, ಗುರುತು ಸಮೇತ. "ಸ್ವಾಮೀ, ತುಳಜಾಬಾಯಿಗೆ ಮೊಣಕಾಲ ನೋವು. ಗಿರಣಿ ಎದುರಿನ ತುಳಜಾಬಾಯಿ, ಮತ್ತ ಆ ಇನ್ನೊಬ್ಬಾಕಿ ಅಲ್ಲ."

ಹೋದ ವಾರ ಈ ತುಳಜಾಬಾಯಿಯ ಮೊಣಕಾಲ ಆಪರೇಷನ್ನಿನ ದಿನವೇ ಅಜ್ಜಿಗೆ ಆ ಹೆಸರು ಮರೆತುಹೋಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೂ ಅಜ್ಜಿ ಮೂರು ದಿನ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಹೇಳಲಿಲ್ಲಂದ್ರ ಯಾರು ಹೇಳತಾರ?"

ಅದಕ್ಕೇ ಈ ಯಂತ್ರ. ಮೊಬೈಲಿಗೆ ಬಂದ ಸುದ್ದಿಯನ್ನೆಲ್ಲ ಓದಿ, ಯಾರಿಗೆ ಏನು ಕಷ್ಟ ಎಂದು ಇದು ಚೀಟಿ ಮುದ್ರಿಸುತ್ತದೆ. ಅಜ್ಜಿ ಪ್ರಾರ್ಥಿಸುವುದನ್ನು ಕೇಳಿಸಿಕೊಂಡು, ಮುಗಿದ ಹೆಸರಿಗೆ 'ಟಿಂಗ್' ಎನ್ನುತ್ತದೆ.

ಮೊದಲ ದಿನ ಒಂಬತ್ತು ಹೆಸರು, ಒಂಬತ್ತು ಟಿಂಗ್! ಅಜ್ಜಿಯ ಮುಖ ಅರಳಿತು. "ಎಂಥಾ ಜಾಣ ಮಗನ್ನ ಹಡದೀನಿ!"

"ಡಬ್ಬಿ ಕದ್ದ ಮಗನ್ನ," ಎಂದು ಕಾಕಿ ಗೊಣಗಿದಳು.

ಎರಡನೆಯ ದಿನ ಯಂತ್ರ ಇಡೀ ಜಿಲ್ಲೆಯ ಸುದ್ದಿ ಹೆಕ್ಕಿತು. ನೂರ ನಲವತ್ತು ಹೆಸರು! ಉಪ್ಪಿಟ್ಟು ಆರಿ ಇಟ್ಟಿಗೆಯಾಯಿತು.

ಮೂರನೆಯ ದಿನ ಅದಕ್ಕೆ ಮೊಬೈಲು ಸಾಲಲಿಲ್ಲ. ಕಿಟಕಿಯಾಚೆಯ ಮಾತಿಗೂ ಕಿವಿಗೊಟ್ಟು, ಸ್ಪೀಕರಿನಲ್ಲಿ ಓಣಿಗೆಲ್ಲ ಕೇಳುವಂತೆ ಕೂಗಿತು: "ಪಕ್ಕದ ಮನೆಯ ಮಾಸ್ತರರು ಹೆಂಡತಿಯೊಡನೆ ನಾಲ್ಕು ದಿನದಿಂದ ಮಾತು ಬಿಟ್ಟಿದ್ದಾರೆ. ತಪ್ಪು ಮಾಸ್ತರರದು!"

ಮಾಸ್ತರರು ಬನಿಯನ್ನಿನಲ್ಲೇ ಓಡಿ ಬಂದರು. "ಏನ್ರಿ ಸಿಲಾಸ, ತಪ್ಪು ನಂದು ಅಂತ ನಿಮ್ಮ ಡಬ್ಬಿಗೆ ಹ್ಯಾಂಗ ಗೊತ್ತಾತು?"

ಅವರ ಹಿಂದೆಯೇ ಹೆಂಡತಿಯ ದನಿ: "ಡಬ್ಬಿಗೂ ಗೊತ್ತಾತು, ನಿಮಗ ಗೊತ್ತಾಗಲಿಲ್ಲ!"

ಅಂತೂ ಅವರಿಬ್ಬರೂ ಮಾತಾಡಿದಂತಾಯಿತು. ಟಿಂಗ್!

ನಾಲ್ಕನೆಯ ದಿನ ಯಂತ್ರ ಲೋಕಕ್ಕೇ ಕೈಹಾಕಿತು. ಹಡಗು ಮುಳುಗಿದವರು, ಭೂಕಂಪದವರು, ಬಾಯಿ ತಿರುಗದ ಹೆಸರಿನ ಊರುಗಳು! ಚೀಟಿ ಮೇಜಿನಿಂದ ಇಳಿದು, ಹೊಸ್ತಿಲು ದಾಟಿ, ಬಚ್ಚಲ ತನಕ ಹರಿಯಿತು. ಗಂಟೆ ಹತ್ತಾದರೂ ಅಜ್ಜಿ ಮೊಣಕಾಲೂರಿಯೇ ಇದ್ದಳು. ಅವಳಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು.

"ಅವ್ವಾ, ಎರಡ ತುತ್ತು ತಿಂದು ಮುಂದಿಂದು ಹೇಳವಾ!" ಎಂದು ಕಾಕಾ ಬೇಡಿದ.

"ಇಷ್ಟ ಮಂದಿ ಕಷ್ಟದಾಗ ಇದ್ದಾರ. ನನ್ನ ಗಂಟಲಾಗ ಹೆಂಗ ಇಳಿತೈತೋ? ಯಾರರ ಒಬ್ಬರು ಬಿಟ್ಟು ಹೋದ್ರ?"

ಕಾಕಾ ಪ್ಲಗ್ ಕಿತ್ತ. ಯಂತ್ರ ನಿಲ್ಲಲಿಲ್ಲ.

"ಬ್ಯಾಟರಿ ಕೂಡ್ರಿಸೀನಿ," ಎಂದು ತಲೆ ಕೆರೆದುಕೊಂಡ. "ಕರೆಂಟ್ ಹೋದಾಗೂ ಹೆಸರು ತಪ್ಪಬಾರದಂತ."

"ನಿಮ್ಮ ಶಾಣ್ಯಾತನಕ್ಕ ಬೆಂಕಿ ಹತ್ತಲಿ!" ಎಂದಳು ಕಾಕಿ.

ಆಗ ನಾಲ್ಕು ಸಾವಿರದ ನೂರ ಹನ್ನೆರಡನೆಯ ಬಿನ್ನಹ ಹೊರಬಂತು: "ಬೆಟಗೇರಿಯ ಒಂದು ಯಂತ್ರ. ಮೈ ಕಾದಿದೆ. ಇನ್ನು ತಾಳಲಾರದು."

"ಪಾಪ!" ಎಂದಳು ಅಜ್ಜಿ. "ಅದಕ್ಕೂ ಮಾಡೂಣು." ಆದರೆ ಅವಳ ದನಿ ಅರ್ಧಕ್ಕೇ ನಿಂತಿತು. ಚೀಟಿ ಹಿಡಿದ ಬೆರಳು ನಡುಗುತ್ತಿತ್ತು. ಫ್ಯಾನಿನ ಕೆಳಗಿದ್ದರೂ ಹಣೆಯಲ್ಲಿ ಬೆವರಿತ್ತು.

ನಾನು ಎಂದೂ ನಾಲ್ಕು ಜನರ ನಡುವೆ ಗಟ್ಟಿಯಾಗಿ ಪ್ರಾರ್ಥಿಸಿದವಳಲ್ಲ. ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದೆ. ಮಾತು ತಾನಾಗಿಯೇ ಬಂತು.

"ದೇವರೇ, ಈ ಚೀಟಿ ಬರೂಕಿಂತ ಮೊದಲ ಇದೆಲ್ಲಾ ನಿನಗ ಗೊತ್ತಿತ್ತು. ಚೀಟಿಯೊಳಗ ಇಲ್ಲದವರೂ ನಿನಗ ಗೊತ್ತು. ಅಜ್ಜಿ ಕೈ ನಡಗಾಕತ್ತೈತಿ, ಅದೂ ನಿನಗ ಕಾಣಸ್ತೈತಿ. ಆಮೆನ್."

ಯಂತ್ರ ಸುಮ್ಮನಾಯಿತು. ಆಮೇಲೆ ಒಂದು ಟಿಂಗ್. ಇನ್ನೊಂದು. ಕೊನೆಗೆ ಸಾವಿರ ಸೈಕಲ್ಲುಗಳು ಒಟ್ಟಿಗೆ ಗಂಟೆ ಬಾರಿಸಿದಂತೆ ಟಿಂಗ್ ಟಿಂಗ್ ಟಿಂಗ್! ಓಣಿಯ ನಾಯಿಗಳೆಲ್ಲ ಬೊಗಳಿದವು. ಕಡೆಗೆ ಒಂದೇ ಒಂದು ಚಿಕ್ಕ ಚೀಟಿ ಹೊರಬಂತು:

"ಒಟ್ಟು ಬಿನ್ನಹ ೪,೧೧೨. ಸಂಬಂಧಪಟ್ಟವರಿಗೆ ಮೊದಲೇ ಗೊತ್ತಿದೆ."

ಅಜ್ಜಿ ಕನ್ನಡಕ ಏರಿಸಿ ಎರಡು ಸಲ ಓದಿದಳು. ಆಮೇಲೆ ನನ್ನ ಮುಖ ನೋಡಿದಳು.

"ಹಂಗಾರ, ನಾ ಮರತವರದೂ?"

"ಗೊತ್ತಿತ್ತಜ್ಜಿ."

ಎಷ್ಟೋ ವರ್ಷದಿಂದ ಹೊತ್ತ ಕೊಡವನ್ನು ಯಾರೋ ಇಳಿಸಿಕೊಂಡಂತೆ ಅವಳ ಹೆಗಲು ಮೆಲ್ಲಗೆ ಸಡಿಲವಾಯಿತು.

"ಸುಕುಮಾರೀ," ಎಂದಳು, "ಹಸಿವ್ಯಾಗೇತವಾ."

ಕಾಕಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಓಡಿದಳು. ತಟ್ಟೆ ಖಾಲಿಯಾಗುವ ತನಕ ನಾವು ಮೂವರೂ ಅಜ್ಜಿಯನ್ನೇ ನೋಡುತ್ತ ಕುಳಿತೆವು.

ಅಂದಿನಿಂದ ಯಂತ್ರಕ್ಕೆ ಯಾವ ಸುದ್ದಿ ತುಂಬಿದರೂ ಹೊರಗೆ ಬರುವುದು ಅದೊಂದೇ ಚೀಟಿ. ಎಲ್ಲೋ ದೋಷವಿದೆ ಎಂದು ಕಾಕಾ ದಿನಾ ಬಿಚ್ಚಿ ಹುಡುಕುತ್ತಾನೆ. ನಾವ್ಯಾರೂ ಅವನಿಗೆ ಸಹಾಯ ಮಾಡುತ್ತಿಲ್ಲ.