ಹೆಬ್ಬೆರಳಿನ ಟಿ.ವಿ.

ಟಿ.ವಿ.ಯನ್ನು ಎಲ್ಲರೂ ಕಣ್ಣಿನಿಂದ ನೋಡುತ್ತಾರೆ. ನನ್ನ ಅಣ್ಣ ಹೆಬ್ಬೆರಳಿನಿಂದ ನೋಡುತ್ತಿದ್ದ! ನಗಬೇಡಿ, ಇಂಥದ್ದನ್ನೆಲ್ಲ ಕಟ್ಟಿ ಹೇಳುವಷ್ಟು ಓದಿದವಳಲ್ಲ ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮೆಷಿನ್ನಿನ ಮುಂದೆ ಕೂತವಳು.

ಕದ್ರಿ ಗುಡ್ಡದ ಮೇಲೆ ಅಣ್ಣನ ಬಾಡಿಗೆ ಮನೆ. ಅಲ್ಲಿ ಗೋಡೆಗೆ ನೇತುಹಾಕಿದ ಒಂದು ಚಪ್ಪಟೆ ಟಿ.ವಿ. ಇತ್ತು. ಚಪ್ಪಟೆ ಟಿ.ವಿ.ಗಳ ಪೈಕಿ ಅದು ಅಜ್ಜ. ಒಂದು ಸಂಜೆ ಅದರ ತುಂಬ ಮೇಲಿನಿಂದ ಕೆಳಗೆ ಕಪ್ಪು ಗೆರೆಗಳು ಬಂದವು. ಧಾರಾವಾಹಿಯ ಅತ್ತೆ, ಮಾವ, ಸೊಸೆಯಂದಿರು ಎಲ್ಲರೂ ಜೈಲಿನ ಸರಳುಗಳ ಹಿಂದೆ ನಿಂತ ಹಾಗೆ ಕಂಡರು. ಅವರು ಮಾಡುವ ಕೆಲಸಕ್ಕೆ ಅದು ಸರಿಯೇ ಅನ್ನಿ! ಅಷ್ಟರಲ್ಲಿ ಟಿ.ವಿ.ಯ ಮೂಲೆಯಲ್ಲಿ ಒಂದು ಜಿರಳೆ ಕಾಣಿಸಿತು. ಅಣ್ಣ ಅದನ್ನು ಹೆಬ್ಬೆರಳಿನಲ್ಲೇ ಒತ್ತಿ ಕೊಲ್ಲಲು ಹೋದ. ಜಿರಳೆ ತಪ್ಪಿಸಿಕೊಂಡಿತು, ಗೆರೆಗಳು ಮಾಯವಾದವು! ಬೆರಳು ತೆಗೆದರೆ ಗೆರೆ, ಒತ್ತಿದರೆ ಚಿತ್ರ.

ಅಣ್ಣ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕೂತು ಗೊತ್ತಿಲ್ಲ, ನಿಂತೇ ಅಭ್ಯಾಸ. ಅಂದಿನಿಂದ ಟಿ.ವಿ.ಯ ಪಕ್ಕದಲ್ಲಿ ಗೋಡೆಗೆ ಒರಗಿ, ಮೂಲೆಗೆ ಹೆಬ್ಬೆರಳು ಕೊಟ್ಟು ನಿಲ್ಲತೊಡಗಿದ. ಜಾಹೀರಾತು ಬಂತೋ, “ಸ್ಟಾಪ್!” ಎಂದು ಬೆರಳು ತೆಗೆದು ಕೈ ಕೊಡವುತ್ತಿದ್ದ. ಧಾರಾವಾಹಿ ಮತ್ತೆ ಶುರುವಾದರೆ “ರೈಟ್, ಪೋಯಿ!” ಎಂದು ಬಸ್ಸು ಹೊರಡಿಸುವ ಹಾಗೆ ಕೂಗಿ ಮತ್ತೆ ಒತ್ತುತ್ತಿದ್ದ.

ಆದರೆ ಒಂದು ತೊಂದರೆ ಇತ್ತು. ಒತ್ತುವವನಿಗೆ ಟಿ.ವಿ. ಕಾಣುವುದಿಲ್ಲ. ಎದುರು ಕೂತರೆ ಕೈ ಮುಟ್ಟುವುದಿಲ್ಲ. ಅಂದರೆ ಈ ಟಿ.ವಿ. ನೋಡಲು ಇಬ್ಬರು ಬೇಕು. ಮದುವೆಯಾಗದ ಅಣ್ಣನ ಮನೆಯಲ್ಲಿ ಎರಡನೆಯವರು ಯಾರು? ನಾನೇ! ದಿನಾ ಸಂಜೆ ಏಳೂವರೆಗೆ ಗುಡ್ಡದ ಕೆಳಗೆ ಬಿಜೈಯಲ್ಲಿರುವ ನನ್ನ ಮನೆಯಿಂದ ಹತ್ತಿ ಹಾಜರಾಗುತ್ತಿದ್ದೆ. ನಮ್ಮ ಮನೆಯ ಟಿ.ವಿ.ಯನ್ನು ನನ್ನ ಗಂಡ ಕ್ರಿಕೆಟ್ಟಿಗೆ ಬರೆದುಕೊಟ್ಟಿದ್ದರಿಂದ ನನಗೂ ಇದು ಅನುಕೂಲವೇ ಆಗಿತ್ತು, ಮೊದಮೊದಲು.

“ಯಾರು ಮಾರಾಯ್ತಿ ಅಳುವುದು?” ಅಣ್ಣ ಗೋಡೆಯ ಬದಿಯಿಂದ ಕೇಳುತ್ತಿದ್ದ.

“ಎಲ್ಲರೂ.”

“ಆ ದೊಡ್ಡ ಸೊಸೆಯೂ?”

“ಅವಳು ಕಿಟಕಿಯಿಂದ ನೋಡಿ ನಗ್ತಾ ಇದ್ದಾಳೆ.”

“ಅಷ್ಟು ಅಹಂಕಾರವಾ ಅವಳಿಗೆ? ನೀನು ಎಂತ ಸುಮ್ಮನೆ ಕೂತದ್ದು? ಬೈ ಅವಳಿಗೆ!”

ನಾನು ಬೈಯುತ್ತಿದ್ದೆ. ಅಣ್ಣನಿಗೆ ಸಮಾಧಾನವಾಗುತ್ತಿತ್ತು.

ಒಮ್ಮೆ ಧಾರಾವಾಹಿಯ ಮನೆಯವರ ಗುಟ್ಟೆಲ್ಲ ಹೊರಬೀಳುವ ದಿನ ಬಂತು. ಮಾವ ಹೊಡೆಯಲು ಕೈ ಎತ್ತಿದ. ಅದೇ ಹೊತ್ತಿಗೆ ಅಣ್ಣನಿಗೆ ಸೀನು! ಬೆರಳು ಜಾರಿತು, ಗೆರೆಗಳ ಹಿಂದಿನಿಂದ ‘ಪಟಾರ್’ ಎಂದು ಶಬ್ದ ಕೇಳಿತು. ಮತ್ತೆ ಚಿತ್ರ ಬಂದಾಗ ಮನೆಮಂದಿಯೆಲ್ಲ ಕೆನ್ನೆಗೆ ಕೈ ಇಟ್ಟುಕೊಂಡು ನಿಂತಿದ್ದರು. ಪೆಟ್ಟು ಬಿದ್ದದ್ದು ಯಾರಿಗೆ? ಇವತ್ತಿಗೂ ನಮಗೆ ಗೊತ್ತಿಲ್ಲ.

ಇನ್ನು ಸಾಕು ಎಂದು ನಾನೇ ರಿಪೇರಿಯವರನ್ನು ಕರೆದುಕೊಂಡು ಹೋದೆ. ಅವರು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, “ಪ್ಯಾನಲ್ ಹೋಗಿದೆ. ಇದಕ್ಕೆ ಹಾಕುವ ದುಡ್ಡಿಗೆ ಹೊಸತೇ ಬರ್ತದೆ” ಎಂದರು.

“ನನ್ನ ನಾಲ್ಕು ಹಲ್ಲು ಹೋಗಿದೆ,” ಎಂದ ಅಣ್ಣ. “ನಿಮ್ಮ ಹತ್ತಿರ ಬಂದರೆ ತಲೆಯನ್ನೇ ಬದಲಿಸ್ತೀರೋ ಏನೋ!”

ಪಾಪ, ಅವರು ಒಳ್ಳೆಯವರು. ಹಗ್ಗದಲ್ಲಿದ್ದ ಬಟ್ಟೆಯ ಕ್ಲಿಪ್ ಒಂದನ್ನು ತಂದು ಆ ಮೂಲೆಗೆ ಸಿಕ್ಕಿಸಿದರು. ಚಿತ್ರ ಸ್ವಚ್ಛವಾಗಿ ಬಂತು! ಅವರು ಗೇಟು ದಾಟುವ ಮೊದಲೇ ಅಣ್ಣ ಕ್ಲಿಪ್ಪನ್ನು ಕಿತ್ತು ತನ್ನ ಒದ್ದೆ ಪಂಚೆಗೆ ಹಾಕಿದ.

“ಎಷ್ಟು ಒತ್ತಬೇಕು ಅಂತ ಕ್ಲಿಪ್ಪಿಗೆ ಎಂತ ಗೊತ್ತುಂಟು? ನೀನು ಕೂತ್ಕೋ. ರೈಟ್!”

ಹುಚ್ಚು ಎಂದುಕೊಂಡೆ. ಬೇರೆ ಏನೂ ನನ್ನ ತಲೆಗೆ ಹೊಳೆಯಲಿಲ್ಲ.

ಈಗ ನನ್ನ ಬಂಡವಾಳ ಹೇಳುತ್ತೇನೆ. ಮಳೆಗಾಲ ಶುರುವಾದ ಮೇಲೆ ಗುಡ್ಡ ಹತ್ತುವುದು ನನಗೆ ಬೇಸರವಾಗತೊಡಗಿತು. ಮೊಣಕಾಲು ನೋವು ಎಂದೆ, ಹೊಲಿಗೆ ರಾಶಿ ಬಿದ್ದಿದೆ ಎಂದೆ. ಎರಡೂ ಅರ್ಧ ನಿಜ. ಅದೇ ಧಾರಾವಾಹಿಯನ್ನು ಮಗಳ ಮೊಬೈಲಿನಲ್ಲಿ ಮಲಗಿಕೊಂಡೇ ನೋಡಬಹುದು ಎಂದು ತಿಳಿದದ್ದು ಪೂರ್ತಿ ನಿಜ. ಅಣ್ಣನಿಗೆ ಒಂದು ಹೊಸ ಟಿ.ವಿ. ಬಂದರೆ ನನಗೆ ಬಿಡುಗಡೆ! ತಂದು ಗೋಡೆಗೆ ಹಾಕಿಸಿಯೇಬಿಟ್ಟೆ. “ತಂಗಿ ಅಂದರೆ ಹೀಗಿರಬೇಕು” ಎಂದರು ನೆರೆಮನೆಯವರು. ನಾನೂ ನಾಚಿಕೆಯಿಲ್ಲದೆ ತಲೆಯಾಡಿಸಿದೆ.

ಅಣ್ಣ ಹೊಸ ಟಿ.ವಿ.ಯ ನಾಲ್ಕೂ ಮೂಲೆಗಳನ್ನು ಸವರಿ ನೋಡಿದ. “ಇದಕ್ಕೆ ಎಲ್ಲಿ ಒತ್ತುವುದು?”

“ಎಲ್ಲಿಯೂ ಬೇಡ. ಆರಾಮಲ್ಲಿ ಕೂತು ನೋಡು.”

“ಒಬ್ಬನೇ?”

“ಒಬ್ಬನೇ!” ಎಂದೆ, ದೊಡ್ಡ ವರ ಕೊಟ್ಟವಳ ಹಾಗೆ.

ಆಮೇಲೆ ಕೆಲವು ವಾರ ನಾನು ಆ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಸಂಜೆ, ಧಾರಾವಾಹಿ ಮುಗಿದು ಸ್ವಲ್ಪ ಹೊತ್ತಾಗಿರಬೇಕು, ಅಣ್ಣ ನಮ್ಮ ಬಾಗಿಲಲ್ಲಿ ಕೊಡೆ ಮಡಚುತ್ತಾ ನಿಂತಿದ್ದ. ಪಂಚೆ ಮೊಣಕಾಲಿನವರೆಗೆ ಒದ್ದೆ.

“ಟಿ.ವಿ. ಹಾಳಾಯಿತಾ?” ಎಂದು ಕೇಳಿದೆ.

“ಇಲ್ಲಪ್ಪ. ಭಾರೀ ಲಾಯ್ಕ ಉಂಟು. ದೊಡ್ಡ ಸೊಸೆಯ ಮೂಗುತಿಯ ಕಲ್ಲು ಸಹ ಕಾಣ್ತದೆ. ಈಗಷ್ಟೇ ನೋಡಿ ಬಂದೆ.”

“ಮತ್ತೆ ಈ ಮಳೆಗೆ ಎಂತಕ್ಕೆ ಬಂದದ್ದು?”

ಅಣ್ಣ ಕೊಡೆಯನ್ನು ಮೂಲೆಗಿಟ್ಟು ಬಂದು ಚಾಪೆಯ ಮೇಲೆ ಕೂತ. ನನಗೆ ತಡೆಯಲಾಗಲಿಲ್ಲ.

“ಅಣ್ಣ, ಆ ಟಿ.ವಿ. ನಿನಗೆ ಅಂತ ತಂದದ್ದಲ್ಲ. ನನಗೆ ಬರಲಿಕ್ಕೆ ಉದಾಸೀನ ಆಗಿ ತಂದದ್ದು.”

“ಗೊತ್ತುಂಟು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಅಷ್ಟು ವರ್ಷ ಬಸ್ಸಲ್ಲಿ ಇದ್ದವನಿಗೆ, ಇಳಿಯಲಿಕ್ಕೆ ಎದ್ದವರ ಮುಖ ಗೊತ್ತಾಗುವುದಿಲ್ವಾ?”

ಒಳಗೆ ಗಂಡನ ಕ್ರಿಕೆಟ್ಟಿನ ಗದ್ದಲ ಕೇಳುತ್ತಿತ್ತು.

“ಅದು ಬಿಡು,” ಎಂದ ಅಣ್ಣ. “ಇವತ್ತು ಎಂತ ಆಯಿತು, ಹೇಳು.”

“ನೋಡಿ ಬಂದೆ ಅಂದಿಯಲ್ಲ?”

“ನೋಡಿದೆ. ನೀನು ಹೇಳು.”

ನಾನು ಅಂದಿನದನ್ನು ನೋಡಿಯೇ ಇರಲಿಲ್ಲ, ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದೆ. ಆದರೂ ಶುರು ಮಾಡಿದೆ. ದೊಡ್ಡ ಸೊಸೆಯನ್ನು ತವರಿಗೆ ಓಡಿಸಿದೆ, ಮಾವನಿಗೆ ಜ್ವರ ಬರಿಸಿದೆ, ಸಾಲದ್ದಕ್ಕೆ ಅತ್ತೆಯನ್ನು ಮೆಟ್ಟಿಲಿನಿಂದ ಬೀಳಿಸಿದೆ. ಅಣ್ಣ ಕಣ್ಣು ಮುಚ್ಚಿಕೊಂಡು, ಎಲ್ಲದಕ್ಕೂ ತಲೆಯಾಡಿಸುತ್ತಾ, “ಆಮೇಲೆ? ಆಮೇಲೆ?” ಎಂದು ಕೇಳುತ್ತಲೇ ಇದ್ದ.